ಬಿತ್ತನೆಗೆ ಉಳಿಯಬೇಕಾದ ಹುಂಜ

ಮಲೆನಾಡಿನ ನಾಟಿಕೋಳಿಯ ತಳಿ ಆಯ್ಕೆಯನ್ನು ಕುರಿತ ಉಪನ್ಯಾಸದ ಪಠ್ಯ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ಬೆಳೆಗಾರನಿಗೆ ತಾಯಿಮರದ ಆಯ್ಕೆಯನ್ನು ಯಾರೂ ಕಲಿಸಬೇಕಾಗಿಲ್ಲ. ಬೀಜಕ್ಕೆಂದು ಹಣ್ಣಡಿಕೆ ಆರಿಸುವಾಗ ಆತ ನಡುವಯಸ್ಸಿನ, ವರ್ಷವೂ ತಪ್ಪದೆ ಗೊನೆ ಬಿಡುವ ಮರವನ್ನೇ ಹುಡುಕುತ್ತಾನೆ. ಹಣ್ಣನ್ನು ನೀರಿಗೆ ಹಾಕಿ, ತೊಟ್ಟು ಮೇಲಾಗಿ ನೆಟ್ಟಗೆ ತೇಲಿದ್ದನ್ನು ಮಾತ್ರ ಪಾತಿಗೆ ಇಳಿಸುತ್ತಾನೆ. ಬಿತ್ತನೆಗೆಂದು ಎತ್ತಿಟ್ಟ ಭತ್ತವನ್ನು ಎಂಥ ಕಷ್ಟದಲ್ಲೂ ಕುಟ್ಟಿ ಉಣ್ಣುವುದಿಲ್ಲ. ಅದೇ ಮನೆಯ ಅಂಗಳದಲ್ಲಿ ಮೇಯುವ ಕೋಳಿಯ ವಿಷಯಕ್ಕೆ ಬಂದಾಗ ಮಾತ್ರ ಈ ಎಚ್ಚರ ತಲೆಕೆಳಗಾಗುತ್ತದೆ. ನೆಂಟರು ಬಂದರೆ ಕಡುಬಿನ ಜೊತೆಯ ಸಾರಿಗೆ ಹೋಗುವುದು ಎಲ್ಲಕ್ಕಿಂತ ದೊಡ್ಡ ಹುಂಜ. ಹರಕೆಗೆ ಸಲ್ಲುವುದು ಊನವಿಲ್ಲದ ಹುಂಜ. ವ್ಯಾಪಾರಿ ತೂಕ ನೋಡಿ ಕೊಂಡೊಯ್ಯುವುದು ಬೇಗ ಬೆಳೆದ ಹುಂಜ. ಕೊನೆಗೆ ಗೂಡಿನಲ್ಲಿ ಉಳಿದು ಮುಂದಿನ ಪೀಳಿಗೆಗೆ ತಂದೆಯಾಗುವುದು ಯಾರ ಕಣ್ಣಿಗೂ ಬೀಳದ ಸಣಕಲು ಹುಂಜ.

ಈ ಉಪನ್ಯಾಸದ ವಿಚಾರ ಒಂದೇ. ಈ ವರ್ಷ ಯಾವ ಕೋಳಿ ಒಲೆಯ ಮೇಲೇರುತ್ತದೆ ಎಂಬುದೇ ಮುಂದಿನ ವರ್ಷ ಅಂಗಳದಲ್ಲಿ ಯಾವ ಕೋಳಿ ಓಡಾಡುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ. ತಳಿ ಆಯ್ಕೆ ಎಂಬ ದೊಡ್ಡ ಮಾತು ನಿಜದಲ್ಲಿ ನಡೆಯುವುದು ಅಡುಗೆಮನೆಯ ಹಿಂಬಾಗಿಲಲ್ಲಿ. ಅಲ್ಲಿ ಆಯ್ಕೆ ಮಾಡುವವರು ಬಹುಪಾಲು ಹೆಂಗಸರು. ಆದ್ದರಿಂದ ಮುಂದಿನ ಮಾತುಗಳು ಮುಖ್ಯವಾಗಿ ಅವರನ್ನು ಕುರಿತವು.

ಅಪಾಯದಲ್ಲಿರುವುದು ಏನು?

ಶೃಂಗೇರಿ, ಕೊಪ್ಪ ಭಾಗದ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಸೊರಗಿಸುತ್ತ ಬಂದಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಅದರ ಜೊತೆ ಸೇರಿದೆ. ತೋಟದ ಆದಾಯ ಕುಸಿದ ಮನೆಯಲ್ಲಿ ಹತ್ತು ಕೋಳಿ, ಎರಡು ಹಸು ಎಂಬುದು ಹಿಂದಿನಂತೆ ಕೇವಲ ಮೇಲುಖರ್ಚಿನ ಬಾಬಲ್ಲ. ಮಗುವಿನ ಪುಸ್ತಕ, ಔಷಧಿ, ಬಸ್ಸಿನ ಖರ್ಚು ಮೊದಲಾದವು ಎಷ್ಟೋ ಮನೆಗಳಲ್ಲಿ ಕೋಳಿ ಮಾರಿದ ಹಣದಿಂದಲೇ ಸಾಗುತ್ತವೆ. ತೋಟದ ಲೈನ್ ಮನೆಗಳಲ್ಲಿ, ಗಿರಿಜನರ ಕೇರಿಗಳಲ್ಲಿ, ತುಂಡು ಜಮೀನಿನ ಒಕ್ಕಲು ಮನೆಗಳಲ್ಲಿ ಹೆಂಗಸರು ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಹಣವಿದ್ದರೆ ಅದು ಇದೇ.

ನಾಟಿಕೋಳಿಯ ಬೆಲೆ ಇರುವುದು ಅದು ಇಡುವ ಮೊಟ್ಟೆಯ ಲೆಕ್ಕದಲ್ಲಿ ಅಲ್ಲ. ನಾಟಿ ಹೇಂಟೆ ಒಂದು ಸಲಕ್ಕೆ ಹತ್ತರಿಂದ ಹದಿನೈದು ಮೊಟ್ಟೆ ಇಡುತ್ತದೆ. ವರ್ಷದಲ್ಲಿ ಮೂರು ನಾಲ್ಕು ಸಲ ಇಟ್ಟರೆ ಒಟ್ಟು 30ರಿಂದ 60 ಮೊಟ್ಟೆ. ಫಾರಂ ಕೋಳಿಯ ಮುಂದೆ ಇದು ಅತ್ಯಲ್ಪ. ಆದರೆ ಆ ಹೇಂಟೆ ತಾನೇ ಕಾವು ಕೂರುತ್ತದೆ. 21 ದಿನ ವಿದ್ಯುತ್ತಿಲ್ಲದೆ, ಯಂತ್ರವಿಲ್ಲದೆ ಮರಿ ಮಾಡುತ್ತದೆ. ಹದ್ದಿನ ನೆರಳು ಕಂಡೊಡನೆ ಕೂಗಿ ಮರಿಗಳನ್ನು ರೆಕ್ಕೆಯಡಿ ಸೇರಿಸುತ್ತದೆ. ತರಗೆಲೆ ಕೆದಕಿ ಗೆದ್ದಲು, ಹುಳು ತೋರಿಸಿ ಮೇಯಿಸುತ್ತದೆ. ಹೇಂಟೆಯೇ ಮರಿ ಮಾಡುವ ಯಂತ್ರ, ಹೇಂಟೆಯೇ ಕಾವಲು. ಪೇಟೆಯಿಂದ ಮರಿಯನ್ನೂ ಆಹಾರವನ್ನೂ ಕೊಳ್ಳದೆ ಮನೆಯಲ್ಲೇ ಕೋಳಿ ಸಂತತಿ ಮುಂದುವರಿಯುವುದು ಈ ಒಂದು ಗುಣದಿಂದ. ಈಗ ಕಳೆದುಹೋಗುತ್ತಿರುವುದೂ ಇದೇ ಗುಣ.

ಅದಕ್ಕೆ ಕಾರಣವನ್ನು ನ್ಯಾಯವಾಗಿ ನೋಡಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1989ರಲ್ಲಿ ಗಿರಿರಾಜ ಕೋಳಿಯನ್ನು ಬಿಡುಗಡೆ ಮಾಡಿತು. 2005ರಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದಿಂದ ಸ್ವರ್ಣಧಾರಾ ಬಂದಿತು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯವು ವನರಾಜ, ಗ್ರಾಮಪ್ರಿಯ ತಳಿಗಳನ್ನು ಕೊಟ್ಟಿತು. ಇವು ಹಿತ್ತಲಿಗೆಂದೇ ರೂಪಿಸಿದ ಬಣ್ಣದ ಕೋಳಿಗಳು. ಬೇಗ ತೂಕ ಬರುತ್ತವೆ, ವರ್ಷಕ್ಕೆ ನೂರಕ್ಕೂ ಮೀರಿ ಮೊಟ್ಟೆ ಇಡುತ್ತವೆ. ಅನೇಕ ಬಡ ಮನೆಗಳಿಗೆ ಇವುಗಳಿಂದ ಉಪಕಾರವಾಗಿದೆ. ಆದರೆ ಇವು ಹಲವು ತಳಿಗಳನ್ನು ಕೂಡಿಸಿ ಮಾಡಿದ ಮಿಶ್ರಣ. ಇವುಗಳ ಮೊಟ್ಟೆಯಿಂದ ಮರಿ ಮಾಡಿಸಿದರೆ ಎರಡನೆಯ ತಲೆಮಾರಿನಲ್ಲಿ ಗುಣಗಳು ಚದುರಿಹೋಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಗಿರಿರಾಜ ಹೇಂಟೆಗೆ ಕಾವು ಕೂರುವ ಸ್ವಭಾವವಿಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆಯಾದ್ದರಿಂದ ಹೆಚ್ಚು ಮೊಟ್ಟೆಗಾಗಿ ತಳಿ ಮಾಡಿದವರೆಲ್ಲ ಆ ಸ್ವಭಾವವನ್ನು ತೆಗೆದುಹಾಕಿಕೊಂಡೇ ಬಂದಿದ್ದಾರೆ. ಮೊಟ್ಟೆಗೂ ಮಾಂಸಕ್ಕೂ ಇಂಥ ಕೋಳಿಯನ್ನು ತಂದು ಸಾಕುವುದರಲ್ಲಿ ತಪ್ಪೇನಿಲ್ಲ. ದೊಡ್ಡದಾಗಿದೆಯೆಂದು ಗಿರಿರಾಜ ಹುಂಜವನ್ನು ನಾಟಿ ಹೇಂಟೆಗಳ ನಡುವೆ ಬಿಟ್ಟಾಗಲೇ ನಷ್ಟ ಆರಂಭವಾಗುತ್ತದೆ. ಮೊದಲ ಸಾಲಿನ ಮರಿಗಳು ದಪ್ಪವಾಗಿ ಕಂಡು ಮನೆಯವರು ಹಿಗ್ಗುತ್ತಾರೆ. ಮೂರು ನಾಲ್ಕು ವರ್ಷ ಕಳೆದ ಮೇಲೆ ಕಾವಿಗೆ ಕೂರುವ ಹೇಂಟೆಗಾಗಿ ಊರೆಲ್ಲ ಹುಡುಕಬೇಕಾಗುತ್ತದೆ.

2019ರ 20ನೇ ಜಾನುವಾರು ಗಣತಿಯಂತೆ ದೇಶದ 85.18 ಕೋಟಿ ಸಾಕುಹಕ್ಕಿಗಳಲ್ಲಿ 31.7 ಕೋಟಿ ಹಿತ್ತಲಲ್ಲಿ ಸಾಕಿದವು. 2012ರ ಗಣತಿಗೆ ಹೋಲಿಸಿದರೆ ಹಿತ್ತಲಿನ ಹಕ್ಕಿಗಳು ಸುಮಾರು ಶೇ. 46ರಷ್ಟು ಹೆಚ್ಚಿವೆ. ಸಂಖ್ಯೆ ಸಮಾಧಾನ ತರುವಂಥದ್ದೇ. ಆದರೆ ತಲೆ ಎಣಿಸಿದ ಮಾತ್ರಕ್ಕೆ ತಾಯ್ತನ ಉಳಿದಿದೆಯೋ ಇಲ್ಲವೋ ತಿಳಿಯುವುದಿಲ್ಲ.

ಕಾಡಿನಿಂದ ಅಂಗಳಕ್ಕೆ

ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್ ಸೀಮೆಯ ಉಪಜಾತಿಯೊಂದರಿಂದ ಅದು ಬಂದಿತೆಂದು 2020ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ತೋರಿಸಿತು. ಮಲೆನಾಡಿನ ಕಾಡಂಚಿನಲ್ಲಿ ಬೆಳಗಿನ ಹೊತ್ತು ಕೂಗುವುದು ಬೇರೆ ಜಾತಿ: ಬೂದು ಕಾಡುಕೋಳಿ. ಇದಕ್ಕೂ ಅಂಗಳದ ಕೋಳಿಗೂ ನಂಟಿಲ್ಲವೆಂದು ಬಹುಕಾಲ ತಿಳಿಯಲಾಗಿತ್ತು. ಸಾಕುಕೋಳಿಯ ಹಳದಿ ಚರ್ಮದ ಗುಣವು ಬಹುಶಃ ಬೂದು ಕಾಡುಕೋಳಿಯಿಂದಲೇ ಬಂದದ್ದೆಂದು ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ 2008ರಲ್ಲಿ ತೋರಿಸಿಕೊಟ್ಟಿತು. ಇಂದು ಲೋಕದಾದ್ಯಂತ ಇರುವ ಹಳದಿ ಕಾಲಿನ ಕೋಳಿಗಳ ಮೈಯಲ್ಲಿ ದಕ್ಷಿಣ ಭಾರತದ ಕಾಡಿನ ಪಾಲೊಂದಿದೆ ಎಂಬುದು ವಿದ್ಯಾರ್ಥಿಗಳು ನೆನಪಿಡತಕ್ಕ ಸಂಗತಿ. ಹಾಗೆಂದು ಕಾಡುಕೋಳಿಯನ್ನು ಹಿಡಿದು ತಂದು ಬೆರೆಸುವ ಯೋಚನೆ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ; ತಳಿಯ ದೃಷ್ಟಿಯಿಂದಲೂ ಪ್ರಯೋಜನವಿಲ್ಲದ ಕೆಲಸ.

ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಬ್ಯೂರೋ ದೇಶದ ಜಾನುವಾರು ತಳಿಗಳನ್ನು ಗುರುತಿಸಿ ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ ಅಸೀಲ್, ಕಡಕನಾಥ್, ಆಂಧ್ರ–ಕರ್ನಾಟಕಗಳ ಘಾಗಸ್, ಕೇರಳದ ತಲಶ್ಶೇರಿ ಮೊದಲಾದ ಕೋಳಿಗಳಿವೆ. ಮಲೆನಾಡಿನ ಅಂಗಳದ ಕೋಳಿಗೆ ಅಂಥ ಹೆಸರಿನ ಗೌರವ ದೊರೆತಿಲ್ಲ. ಅದರ ಬಣ್ಣ ಒಂದಲ್ಲ, ಜುಟ್ಟು ಒಂದೇ ಬಗೆಯದಲ್ಲ. ಆದರೆ ಬಣ್ಣಕ್ಕಿಂತ ಆಳವಾದ ಹೋಲಿಕೆಯೊಂದು ಅವುಗಳಲ್ಲಿದೆ. ಆರಿದ್ರೆಯಿಂದ ಆಶ್ಲೇಷದವರೆಗೆ ಬಿಡದೆ ಸುರಿಯುವ ಮಳೆ, ಒಣಗದ ನೆಲ, ಜಿಗಣೆ, ಮುಂಗುಸಿ, ಕಾಡುಬೆಕ್ಕು, ಹದ್ದು ಇವೆಲ್ಲದರ ನಡುವೆ ತಲೆಮಾರುಗಳಿಂದ ಬದುಕಿ ಉಳಿದವುಗಳ ಸಂತಾನ ಅವು. ಮಳೆ ಹೆಚ್ಚಿರುವ ಕಿಗ್ಗದ ಕಡೆಯ ಕೋಳಿಗೂ ಭದ್ರಾ ಹಿನ್ನೀರಿನ ನರಸಿಂಹರಾಜಪುರದ ಕಡೆಯ ಕೋಳಿಗೂ ಬಾಳುವ ನೆಲ ಬೇರೆಬೇರೆ. ಆದುದರಿಂದ ಬಿತ್ತನೆಯ ಹಕ್ಕಿಯನ್ನು ಹುಡುಕಬೇಕಾದ ಮೊದಲ ಸ್ಥಳ ಸ್ವಂತ ಊರು, ಅನಂತರ ನೆರೆಯೂರು.

ಹೇಂಟೆಯ ಆಯ್ಕೆ

ಎರಡು ಹೇಂಟೆಗಳಿವೆಯೆಂದು ಇಟ್ಟುಕೊಳ್ಳಬಹುದು. ಒಂದು 14 ಮೊಟ್ಟೆ ಇಟ್ಟು, 9 ಮರಿ ಮಾಡಿ, ಎರಡು ತಿಂಗಳು ಕಳೆಯುವಾಗ 3 ಮರಿ ಉಳಿಸಿಕೊಂಡಿದೆ. ಇನ್ನೊಂದು 11 ಮೊಟ್ಟೆ ಇಟ್ಟು, 9 ಮರಿ ಮಾಡಿ, 7 ಮರಿ ಉಳಿಸಿಕೊಂಡಿದೆ. ಮೊಟ್ಟೆಯ ಲೆಕ್ಕದಲ್ಲಿ ಮೊದಲನೆಯದು ಮೇಲು. ಸಂಸಾರದ ಲೆಕ್ಕದಲ್ಲಿ ಎರಡನೆಯದು. ಮಲೆನಾಡಿನ ಹಿತ್ತಲಿಗೆ ಬೇಕಾದ ಅಳತೆ ಒಂದೇ: ಕಾವಿಗಿಟ್ಟ ಮೊಟ್ಟೆಗಳಲ್ಲಿ ಎಷ್ಟು ಮರಿ ಎಂಟು ವಾರ ದಾಟಿದವು? ಈ ಒಂದು ಪ್ರಶ್ನೆಯೊಳಗೆ ಮೊಟ್ಟೆಯ ಫಲವಂತಿಕೆ, ಕಾವಿನ ನಿಷ್ಠೆ, ತಾಯಿಯ ಎಚ್ಚರ, ಮರಿಯ ಗಟ್ಟಿತನ ಎಲ್ಲವೂ ಅಡಗಿವೆ.

ಇದಕ್ಕೆ ದಾಖಲೆ ಬೇಕು. ಯಾವ ಹೇಂಟೆ ಯಾವಾಗ ಕೂತಿತು, ಎಷ್ಟು ಮರಿ ಎಬ್ಬಿಸಿತು ಎಂಬುದು ಮನೆಯ ಹೆಂಗಸರ ನೆನಪಿನಲ್ಲಿ ಸ್ಪಷ್ಟವಾಗಿ ಇರುತ್ತದೆ. ಅದು ಕಾಗದಕ್ಕೆ ಇಳಿದರೆ ಸಾಕು. ಶಾಲೆಗೆ ಹೋಗುವ ಮಕ್ಕಳು ಒಂದು ನೋಟುಪುಸ್ತಕದಲ್ಲಿ ಹೇಂಟೆಯ ಗುರುತು, ಕೂತ ದಿನ, ಮೊಟ್ಟೆ, ಒಡೆದ ಮರಿ, ಎಂಟನೆಯ ವಾರದ ಮರಿ ಎಂದು ಐದು ಕಲಂ ಎಳೆದು ಬರೆಯಬಹುದು. ಒಂದೊಂದು ತಾಯಿಯ ಮರಿಗಳ ಕಾಲಿಗೆ ಒಂದೊಂದು ಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕಿದರೆ ಅವು ದೊಡ್ಡವಾದ ಮೇಲೂ ಮನೆತನ ತಿಳಿಯುತ್ತದೆ. ಮರಿ ಬೆಳೆದಂತೆ ಉಂಗುರವನ್ನು ಬದಲಿಸುವುದನ್ನು ಮರೆಯಬಾರದು. ಇಲ್ಲವಾದರೆ ಅದು ಕಾಲಿಗೆ ಕಚ್ಚಿಕೊಂಡು ಗಾಯವಾಗುತ್ತದೆ.

ದಾಖಲೆಯ ಜೊತೆಗೆ ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಯೂ ಇದೆ. ರಾತ್ರಿ ಗೂಡು ಸೇರಿದ ಮೇಲೆ ಹಕ್ಕಿ ಗಾಬರಿಗೊಳ್ಳುವುದಿಲ್ಲ. ಆಗ ನೋಡುವುದು ಉತ್ತಮ. ಕಣ್ಣು ಹೊಳೆಯುತ್ತಿರಬೇಕು, ಪಾಪೆ ದುಂಡಗಿರಬೇಕು. ಕಣ್ಣಿನ ಬಣ್ಣ ಬೂದುಗಟ್ಟಿ ಪಾಪೆ ಓರೆಕೋರೆಯಾಗಿದ್ದರೆ ಅದು ಮರೆಕ್ಸ್ ರೋಗದ ಚಿಹ್ನೆಯಾಗಿರಬಹುದು. ಅಂಥ ಹಕ್ಕಿ ಬಿತ್ತನೆಗೆ ಬೇಡ. ಮೇಲಿನ ಕೆಳಗಿನ ಕೊಕ್ಕು ಒಂದಕ್ಕೊಂದು ಕೂಡಬೇಕು. ಎದೆಮೂಳೆ ನೆಟ್ಟಗಿರಬೇಕು, ಬೆರಳುಗಳು ಸೊಟ್ಟಗಿರಬಾರದು. ಕಾಲಿನ ಹುರುಪೆಗಳು ಎದ್ದು ಸುಣ್ಣ ಬಳಿದಂತೆ ಒರಟಾಗಿದ್ದರೆ ಅದು ನುಸಿಯ ಕಾಟ. ಮೊದಲು ಚಿಕಿತ್ಸೆ, ಆಮೇಲೆ ಆಯ್ಕೆ. ಮೊಟ್ಟೆ ಇಡುತ್ತಿರುವ ಹೇಂಟೆಯ ಮೊಟ್ಟೆದ್ವಾರ ಅಗಲವಾಗಿ, ಒದ್ದೆಯಾಗಿ ಇರುತ್ತದೆ. ಅದರ ಎರಡು ಬದಿಯ ಚೂಪು ಮೂಳೆಗಳ ನಡುವೆ ಎರಡು ಮೂರು ಬೆರಳು ಹಿಡಿಸುತ್ತವೆ. ಒಂದೇ ಬೆರಳಿನ ಎಡೆಯಿದ್ದರೆ ಆ ಹೇಂಟೆ ಸದ್ಯಕ್ಕೆ ಇಡುತ್ತಿಲ್ಲವೆಂದು ಅರ್ಥ.

ಮೊದಲ ಸಲ ಮೊಟ್ಟೆ ಇಡುವ ಎಳೆಯ ಹೇಂಟೆಯನ್ನು ಅವಸರದಿಂದ ಆರಿಸಬಾರದು. ಅದರ ಮೊಟ್ಟೆ ಚಿಕ್ಕದು, ಅದರ ತಾಯ್ತನ ಇನ್ನೂ ಪರೀಕ್ಷೆಗೆ ಒಳಗಾಗಿಲ್ಲ. ಒಂದು ಮಳೆಗಾಲ ಕಂಡು, ಎರಡು ಸಲ ಮರಿ ಎಬ್ಬಿಸಿದ ಹೇಂಟೆಯೇ ನಂಬತಕ್ಕದ್ದು. ಮೂರನೆಯ ವರ್ಷದಲ್ಲೂ ತಪ್ಪದೆ ಮರಿ ಸಾಕುವ ಹೇಂಟೆಯಿದ್ದರೆ ಅದು ಮನೆಯ ಆಸ್ತಿ. ಮುದಿಯಾಯಿತೆಂದು ಅದನ್ನು ಮಾರುವ ಮುನ್ನ ಅದರ ಮಕ್ಕಳು ಗೂಡಿನಲ್ಲಿ ಉಳಿದಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಹುಂಜದ ಆಯ್ಕೆ

ಹತ್ತು ಹೇಂಟೆಗೆ ಒಂದು ಹುಂಜವಿದ್ದರೆ ಹುಟ್ಟುವ ಮರಿಗಳಿಗೆಲ್ಲ ಅದೊಂದೇ ತಂದೆ. ಕೆಟ್ಟ ಹೇಂಟೆಯೊಂದು ಹತ್ತರಲ್ಲಿ ಒಂದು ಭಾಗವನ್ನು ಕೆಡಿಸಿದರೆ ಕೆಟ್ಟ ಹುಂಜ ಇಡೀ ಗೂಡನ್ನು ಕೆಡಿಸುತ್ತದೆ. ಆದ್ದರಿಂದ ಹೆಚ್ಚಿನ ಜಾಗ್ರತೆ ಇಲ್ಲಿ ಬೇಕು.

ಮೈಕಟ್ಟು, ತೂಕ ಇವು ತಂದೆಯಿಂದ ಮಗನಿಗೆ ಸಾಕಷ್ಟು ನೇರವಾಗಿ ಇಳಿಯುತ್ತವೆ. ಅವನ್ನು ಹುಂಜವನ್ನು ನೋಡಿಯೇ ಅಳೆಯಬಹುದು. ಮೊಟ್ಟೆಯ ಸಂಖ್ಯೆ, ಕಾವಿನ ಸ್ವಭಾವ ಇವು ಹುಂಜದ ಮೈಮೇಲೆ ಕಾಣುವಂಥವಲ್ಲ. ಹುಂಜ ಮೊಟ್ಟೆ ಇಡುವುದಿಲ್ಲ, ಕಾವು ಕೂರುವುದಿಲ್ಲ. ಆದರೆ ಆ ಗುಣಗಳನ್ನು ತಾಯಿಯಿಂದ ಪಡೆದು ಹೆಣ್ಣುಮಕ್ಕಳಿಗೆ ದಾಟಿಸುತ್ತದೆ. ಆದುದರಿಂದ ಹುಂಜವನ್ನು ಅದರ ತಾಯಿಯನ್ನು ನೋಡಿ ಆರಿಸಬೇಕು. ಹೆಣ್ಣು ತರುವಾಗ ತಾಯಿಯನ್ನು ವಿಚಾರಿಸುವ ಹಿರಿಯರ ಜಾಣ್ಮೆ ಇಲ್ಲಿ ಗಂಡಿಗೆ ಅನ್ವಯಿಸುತ್ತದೆ. ನೋಟುಪುಸ್ತಕದಲ್ಲಿ ಎಂಟು ವಾರದ ಲೆಕ್ಕ ಯಾವ ಹೇಂಟೆಯದು ಮೇಲೋ ಅದರ ಗಂಡುಮರಿಗಳ ಕಾಲಿಗೆ ಉಂಗುರ ಹಾಕಿ ಬೇರೆ ಮಾಡಿಡಬೇಕು. ಅವುಗಳಲ್ಲಿ ಎರಡು ಮೂರನ್ನು ಎಂಟು ಹತ್ತು ತಿಂಗಳವರೆಗೆ ಬೆಳೆಸಿ, ಕೊನೆಗೆ ಒಂದನ್ನು ಉಳಿಸಿಕೊಳ್ಳಬೇಕು. ಉಳಿದವು ಸಾರಿಗೂ ಸಂತೆಗೂ ಧಾರಾಳವಾಗಿ ಹೋಗಬಹುದು.

ಕೊನೆಯ ಆಯ್ಕೆಯಲ್ಲಿ ನೋಡಬೇಕಾದವು: ಅಗಲ ಎದೆ, ನೇರ ಬೆನ್ನು, ಗಟ್ಟಿಯಾದ ದೂರದೂರ ಊರಿದ ಕಾಲು, ಮಳೆನೀರು ಜಾರಿಹೋಗುವಂಥ ಒತ್ತಾದ ಗರಿ. ಮೇವು ಕಂಡಾಗ ತಾನು ತಿನ್ನುವ ಮೊದಲು ಹೇಂಟೆಗಳನ್ನು ಕರೆಯುವ ಹುಂಜ, ಹದ್ದು ಕಂಡಾಗ ಎಚ್ಚರಿಸುವ ಹುಂಜ ಶ್ರೇಷ್ಠ. ಮಕ್ಕಳ ಮೇಲೆ ಹಾರಿ ಕುಕ್ಕುವ ಹುಂಜವನ್ನು ಶೂರನೆಂದು ಮೆಚ್ಚಿ ಉಳಿಸಿಕೊಳ್ಳುವುದು ತಪ್ಪು. ಆ ಗುಣವೂ ವಂಶಕ್ಕೆ ಇಳಿಯುತ್ತದೆ. ಅಂಕದ ಕೋಳಿಯ ರಕ್ತವನ್ನು ಬೆರೆಸುವವರು ಜಗಳಗಂಟ ಗಂಡುಗಳನ್ನೂ ಮೊಟ್ಟೆ ಕಡಿಮೆಯಿರುವ ಹೆಣ್ಣುಗಳನ್ನೂ ಒಟ್ಟಿಗೇ ಪಡೆಯುತ್ತಾರೆ.

ಹರಕೆಯ ವಿಷಯದಲ್ಲಿ ಒಂದು ಮಾತು. ಒಳ್ಳೆಯದನ್ನೇ ಅರ್ಪಿಸಬೇಕೆಂಬ ಹಿರಿಯರ ಭಾವನೆ ದೊಡ್ಡದು. ಅದನ್ನು ಹಳಿಯುವ ಕಾರಣವಿಲ್ಲ. ಆ ಹುಂಜ ಒಂದು ಋತು ಗೂಡಿನಲ್ಲಿದ್ದು, ಅದರ ಮಕ್ಕಳು ಅಂಗಳದಲ್ಲಿ ಓಡಾಡತೊಡಗಿದ ಮೇಲೆ ಹೋದರೆ ಯಾರಿಗೂ ನಷ್ಟವಿಲ್ಲ.

ನೋಟಕ್ಕೆ ಮರುಳಾಗುವುದು

ಕೆಲವು ಗುಣಗಳು ಕಣ್ಣಿಗೆ ಚೆಂದ ಕಂಡರೂ ಒಳಗೆ ತೊಡಕು ಇಟ್ಟುಕೊಂಡಿರುತ್ತವೆ. ಗಿಡ್ಡಗಾಲಿನ ಕೋಳಿ ದೂರ ಹೋಗುವುದಿಲ್ಲವೆಂದು ಕೆಲವರಿಗೆ ಇಷ್ಟ. ಗಿಡ್ಡಗಾಲಿನ ಹುಂಜಕ್ಕೂ ಗಿಡ್ಡಗಾಲಿನ ಹೇಂಟೆಗೂ ಕೂಡಿಸಿದರೆ, ಎರಡೂ ಕಡೆಯಿಂದ ಆ ಜೀನು ಪಡೆದ ನಾಲ್ಕನೆಯ ಒಂದು ಪಾಲು ಭ್ರೂಣಗಳು ಮೊಟ್ಟೆಯೊಳಗೇ ಸಾಯುತ್ತವೆ. ಆಗ ಕಾವು ಕೆಟ್ಟಿತೆಂದು ಹೇಂಟೆಯನ್ನು ದೂರುವುದು ನ್ಯಾಯವಲ್ಲ. ಬೋಳುಕುತ್ತಿಗೆಯ ಕೋಳಿಗೆ ಮೈಯ ಗರಿ ಕಡಿಮೆ. ಬಯಲುಸೀಮೆಯ ಬಿಸಿಲಿಗೆ ಅದು ಅನುಕೂಲ, ಶೃಂಗೇರಿಯ ಶ್ರಾವಣದ ಚಳಿಮಳೆಗೆ ಅನನುಕೂಲ. ಅಚ್ಚ ಬಿಳಿಯ ಹಕ್ಕಿ ಹಸಿರು ಹಿತ್ತಲಲ್ಲಿ ಹದ್ದಿಗೆ ದೂರದಿಂದಲೇ ಕಾಣುತ್ತದೆ. ಇನ್ನು ಕಡಕನಾಥ್. ಮಧ್ಯಪ್ರದೇಶದ ಝಾಬುವಾದ ಈ ಕರಿಕೋಳಿಗೆ 2018ರಲ್ಲಿ ಭೌಗೋಳಿಕ ಗುರುತು ದೊರೆತ ಮೇಲೆ ಎಲ್ಲೆಡೆ ಅದರ ಹುಚ್ಚು ಹರಡಿತು. ಒಳ್ಳೆಯ ತಳಿಯೇ, ಆದರೆ ಝಾಬುವಾದ ಒಣಸೀಮೆಗೆ ಒಗ್ಗಿದ ಹಕ್ಕಿಯನ್ನು ತಂದು ಇಲ್ಲಿಯ ಗೂಡಿಗೆ ಬೆರೆಸಿದರೆ ಕಡಕನಾಥವೂ ಉಳಿಯುವುದಿಲ್ಲ, ಊರಕೋಳಿಯೂ ಉಳಿಯುವುದಿಲ್ಲ. ಸಾಕುವ ಮನಸ್ಸಿದ್ದರೆ ಬೇರೆ ಬೇಲಿಯೊಳಗೆ ಸಾಕಬೇಕು.

ರಕ್ತಸಂಬಂಧದ ಲೆಕ್ಕ

ಆಯ್ಕೆ ಎಷ್ಟೇ ಒಳ್ಳೆಯದಾದರೂ ವರ್ಷವೂ ಅದೇ ಮನೆಯ ಹುಂಜವನ್ನೇ ಅದೇ ಮನೆಯ ಹೇಂಟೆಗಳಿಗೆ ಬಿಟ್ಟರೆ ಹತ್ತಿರದ ಸಂಬಂಧ ಕೂಡಿಕೊಂಡು ಮೊಟ್ಟೆ ಒಡೆಯುವುದು ಕಡಿಮೆಯಾಗುತ್ತದೆ, ಮರಿಗಳು ಸೊರಗುತ್ತವೆ. ವಿದ್ಯಾರ್ಥಿಗಳಿಗಾಗಿ ಇದರ ಲೆಕ್ಕವನ್ನು ಬಿಡಿಸಿ ಹೇಳಬಹುದು. ಅಮೆರಿಕದ ತಳಿವಿಜ್ಞಾನಿ ಸೀವಾಲ್ ರೈಟ್ 1931ರಲ್ಲಿ ಕೊಟ್ಟ ಸೂತ್ರದಂತೆ, ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಒಂದು ಹುಂಜ, ಹತ್ತು ಹೇಂಟೆಯಿರುವ ಗೂಡಿನಲ್ಲಿ 40ನ್ನು 11ರಿಂದ ಭಾಗಿಸಿದರೆ ಬರುವುದು 3.6. ಕಣ್ಣಿಗೆ ಹನ್ನೊಂದು ಹಕ್ಕಿ; ತಳಿಯ ಲೆಕ್ಕದಲ್ಲಿ ನಾಲ್ಕಕ್ಕೂ ಕಡಿಮೆ. ಆ ಗೂಡಿನಲ್ಲಿ ಪ್ರತಿ ತಲೆಮಾರಿಗೂ ರಕ್ತಸಂಬಂಧ ಸುಮಾರು ಶೇ. 14ರಷ್ಟು ಏರುತ್ತದೆ. ಇಂಥ ಐದು ಮನೆಗಳು ಕೂಡಿ ಒಂದೇ ಗೂಡಿನಂತೆ ನಡೆದುಕೊಂಡರೆ ಐದು ಹುಂಜ, ಐವತ್ತು ಹೇಂಟೆ. ಲೆಕ್ಕ 18ಕ್ಕೆ ಏರುತ್ತದೆ, ರಕ್ತಸಂಬಂಧದ ಏರಿಕೆ ಶೇ. 3ಕ್ಕಿಂತ ಕೆಳಗಿಳಿಯುತ್ತದೆ. ಒಂದು ಹಕ್ಕಿಯನ್ನೂ ಹೆಚ್ಚಾಗಿ ಸಾಕದೆ, ಒಂದು ರೂಪಾಯಿಯನ್ನೂ ಖರ್ಚು ಮಾಡದೆ, ಕೇವಲ ನೆರೆಹೊರೆಯ ಒಪ್ಪಂದದಿಂದ ದೊರೆಯುವ ಲಾಭವಿದು.

ಒಪ್ಪಂದ ಸರಳವಾದದ್ದು. ಐದು ಮನೆಗಳು ಒಂದು ಸುತ್ತು ಕಟ್ಟಿಕೊಳ್ಳುತ್ತವೆ. ಹೆಣ್ಣುಮರಿಗಳು ತಾಯಿಯ ಮನೆಯಲ್ಲೇ ಉಳಿಯುತ್ತವೆ. ಪ್ರತಿ ಮನೆಯವರೂ ತಮ್ಮ ಅತ್ಯುತ್ತಮ ಹೇಂಟೆಯ ಒಂದು ಗಂಡುಮರಿಯನ್ನು ವರ್ಷಕ್ಕೊಮ್ಮೆ ಮುಂದಿನ ಮನೆಗೆ ಕೊಡುತ್ತಾರೆ. ಹಿಂದಿನ ಮನೆಯಿಂದ ಒಂದನ್ನು ಪಡೆಯುತ್ತಾರೆ. ಹುಂಜ ಮನೆ ಅಳಿಯನಾಗಿ ಹೋಗುವ ಪದ್ಧತಿ ಎನ್ನಬಹುದು. ಐದು ವರ್ಷಕ್ಕೊಮ್ಮೆ ಬೇರೆ ಊರಿನ ಸುತ್ತಿನಿಂದ ಒಂದು ಹುಂಜವನ್ನು ತಂದರೆ ಹೊಸ ರಕ್ತ ಸೇರುತ್ತದೆ.

ಇಲ್ಲಿ ಎರಡು ಎಚ್ಚರಗಳು ಅವಶ್ಯ. ಬೇರೆ ಮನೆಯಿಂದ ಬಂದ ಹಕ್ಕಿಯನ್ನು ಮೂರು ವಾರ ದೂರದ ಬುಟ್ಟಿಯಡಿ ಅಥವಾ ಬೇರೆ ಗೂಡಿನಲ್ಲಿ ಇಟ್ಟು, ಕಾಯಿಲೆಯಿಲ್ಲವೆಂದು ಕಂಡ ಮೇಲೆ ಬೆರೆಸಬೇಕು. ಮತ್ತೊಂದು, ಹಳೆಯ ಹುಂಜವನ್ನು ತೆಗೆದ ಮೇಲೂ ಅದರ ವೀರ್ಯ ಹೇಂಟೆಯ ಮೈಯೊಳಗೆ ಎರಡು ವಾರಕ್ಕೂ ಮೀರಿ ಬದುಕಿರುತ್ತದೆ. ಆದ್ದರಿಂದ ಹೊಸ ಹುಂಜ ಬೆರೆತು ಮೂರು ವಾರ ಕಳೆದ ಮೇಲೆ ಇಟ್ಟ ಮೊಟ್ಟೆಗಳನ್ನೇ ತಳಿಗೆಂದು ಕಾವಿಗಿಡಬೇಕು.

ಮೊಟ್ಟೆ, ಕಾಲ, ಕಾಯಿಲೆ

ಒಳ್ಳೆಯ ತಂದೆತಾಯಿ ದೊರೆತ ಮೇಲೆ ಮೊಟ್ಟೆಯಲ್ಲೂ ಆಯ್ಕೆಯಿದೆ. ತೀರ ಚಿಕ್ಕದು, ತೀರ ದೊಡ್ಡದು, ಉದ್ದುದ್ದ, ಬಿರುಕು ಬಿಟ್ಟದ್ದು, ಹಿಕ್ಕೆ ಮೆತ್ತಿದ್ದು ಬೇಡ. ಮೊಟ್ಟೆಯನ್ನು ತೊಳೆಯಬಾರದು, ತೊಳೆದರೆ ಹೊರಗಿನ ಕಾಪಿನ ಪೊರೆ ಹೋಗಿ ರೋಗಾಣು ಒಳನುಗ್ಗುತ್ತದೆ. ತಣ್ಣನೆಯ ಮೂಲೆಯಲ್ಲಿ ಚೂಪು ತುದಿ ಕೆಳಗಾಗಿ ಇಟ್ಟ, ಏಳು ದಿನಕ್ಕಿಂತ ಹಳೆಯದಲ್ಲದ ಮೊಟ್ಟೆ ಉತ್ತಮ. ಕಾವಿಗ ಕೂರಿಸಿದ ಏಳನೆಯ ರಾತ್ರಿ ಟಾರ್ಚ್ ಬೆಳಕಿಗೆ ಹಿಡಿದರೆ ಜೇಡನ ಬಲೆಯಂತೆ ನರಗಳು ಕಾಣುವ ಮೊಟ್ಟೆ ಫಲವುಳ್ಳದ್ದು. ತಿಳಿಯಾಗಿ ಕಾಣುವುದನ್ನು ತೆಗೆಯಬಹುದು.

ಆಷಾಢ, ಶ್ರಾವಣಗಳಲ್ಲಿ ಒಡೆದ ಮರಿ ಥಂಡಿಯಿಂದಲೂ ಒದ್ದೆ ನೆಲದಲ್ಲಿ ಹಬ್ಬುವ ರಕ್ತಭೇದಿಯಿಂದಲೂ ಸಾಯುವುದು ಹೆಚ್ಚು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಒಡೆದ ಮರಿಗಳು ಮುಂದಿನ ಮಳೆಯ ಹೊತ್ತಿಗೆ ಬಲಿತಿರುತ್ತವೆ. ತಳಿಗೆಂದು ಇಡುವ ಮೊಟ್ಟೆಗೆ ಈ ಕಾಲವೇ ತಕ್ಕದ್ದು.

ಹಿತ್ತಲಿನ ಕೋಳಿಗೆ ದೊಡ್ಡ ಮೃತ್ಯು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ಕಾಯಿಲೆ. ಅದು ಬಂದು ಹೋದ ಮೇಲೆ ಉಳಿದ ಒಂದೆರಡು ಹಕ್ಕಿಗಳು ರೋಗನಿರೋಧಕ ತಳಿಯವೆಂದು ಭಾವಿಸುವವರಿದ್ದಾರೆ. ಸೋಂಕು ತಡವಾಗಿ ತಗುಲಿದ್ದರಿಂದಲೋ, ಹಿಂದೆ ಅಲ್ಪ ಸೋಂಕು ತಗುಲಿ ಗುಣವಾಗಿದ್ದರಿಂದಲೋ ಅವು ಉಳಿದಿರಬಹುದು. ಆ ರಕ್ಷಣೆ ಸಂತಾನಕ್ಕೆ ಸ್ಥಿರವಾಗಿ ಇಳಿಯುವುದಿಲ್ಲ. ತಳಿ ಆಯ್ಕೆ ಲಸಿಕೆಗೆ ಬದಲಿಯಲ್ಲ. ಮೊದಲ ವಾರದಲ್ಲಿ ಕಣ್ಣಿಗೆ ಹಾಕುವ ಲಸೋಟಾ ಹನಿ, ಎಂಟನೆಯ ವಾರದ ಹೊತ್ತಿಗೆ ಆರ್‌ಟುಬಿ ಚುಚ್ಚುಮದ್ದು ಎರಡೂ ಆಗಬೇಕು. ಲಸಿಕೆಯ ಒಂದು ಸೀಸೆಯಲ್ಲಿ ನೂರಾರು ಹಕ್ಕಿಗಳಿಗೆ ಸಾಲುವಷ್ಟು ಮದ್ದಿರುತ್ತದೆ. ತೆರೆದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸಬೇಕು. ಹತ್ತು ಮರಿಯಿರುವ ಒಂಟಿ ಮನೆಗೆ ಇದು ದುಬಾರಿ. ಹುಂಜಕ್ಕಾಗಿ ಕಟ್ಟಿಕೊಂಡ ಐದು ಮನೆಯ ಸುತ್ತು ಲಸಿಕೆಗೂ ಒದಗುತ್ತದೆ.

ಸಂರಕ್ಷಣೆಯ ಸ್ಥಳ

2007ರ ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಆಶ್ರಯದಲ್ಲಿ ಸೇರಿದ ರಾಷ್ಟ್ರಗಳು ಜಾನುವಾರು ತಳಿಗಳ ರಕ್ಷಣೆಗಾಗಿ ಜಾಗತಿಕ ಕಾರ್ಯಯೋಜನೆಯೊಂದನ್ನು ಒಪ್ಪಿಕೊಂಡವು. ಅಂಥ ಒಪ್ಪಂದಗಳಿಂದ ಸರ್ಕಾರಿ ಕೇಂದ್ರಗಳು ಬಲಗೊಳ್ಳುತ್ತವೆ, ಅದು ಬೇಕು. ಆದರೆ ಒಂದೇ ಕೇಂದ್ರದಲ್ಲಿ ಎಲ್ಲವನ್ನೂ ಇಡುವುದರ ಅಪಾಯವನ್ನು ಕರ್ನಾಟಕ ಕಂಡಿದೆ. 2012ರ ಅಕ್ಟೋಬರ್‌ನಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಅಲ್ಲಿಯ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ನೂರು ಹಳ್ಳಿಗಳ ಸಾವಿರ ಗೂಡುಗಳಲ್ಲಿ ಹಂಚಿಹೋದ ತಳಿಗೆ ಒಂದೇ ದಿನದಲ್ಲಿ ಅಂಥ ಅಂತ್ಯ ಬರುವುದಿಲ್ಲ.

ಪೇಟೆಯಲ್ಲಿ ನಾಟಿಕೋಳಿಗೆ ಫಾರಂ ಕೋಳಿಗಿಂತ ಹೆಚ್ಚಿನ ಬೆಲೆಯಿದೆ. ಆ ಬೆಲೆಯ ಆಸೆಗೆ ಬಣ್ಣದ ಫಾರಂ ಕೋಳಿಯನ್ನೇ ನಾಟಿಯೆಂದು ಮಾರುವುದೂ ನಡೆದಿದೆ. ಬೇಡಿಕೆ ಹೀಗೆ ಹೆಚ್ಚಿದಷ್ಟೂ ಅಂಗಳದ ಒಳ್ಳೆಯ ಹುಂಜ ಬೇಗ ಬೇಗ ಮಾರಿಹೋಗುತ್ತದೆ. ಬೆಲೆ ಹೆಚ್ಚಿದ್ದರಿಂದಲೇ ತಳಿ ಕುಗ್ಗುವ ಈ ವಿಪರ್ಯಾಸಕ್ಕೆ ತಡೆ ಒಂದೇ: ಮಾರುವ ಮುನ್ನ ಉಳಿಸಬೇಕಾದದ್ದನ್ನು ಬೇರೆ ಮಾಡುವುದು.

ಮಳೆ ಕಳೆದು ದೀಪಾವಳಿಯ ಹೊತ್ತಿಗೆ ಹೇಂಟೆಗಳು ಮತ್ತೆ ಮೊಟ್ಟೆಗೆ ಬರುತ್ತವೆ. ಅಷ್ಟರೊಳಗೆ ಪ್ರತಿ ಮನೆಯವರೂ ಒಂದು ರಾತ್ರಿ ಗೂಡಿನ ಬಾಗಿಲು ತೆರೆದು, ದೀಪ ಹಿಡಿದು, ಮೂರು ಹೇಂಟೆಗಳಿಗೂ ಒಂದು ಹುಂಜಕ್ಕೂ ಉಂಗುರ ಹಾಕಿದರೆ ಕೆಲಸ ಆರಂಭವಾದಂತೆ. ಉಂಗುರವಿರುವುದು ಬಿತ್ತನೆಯದು, ಅದನ್ನು ಯಾವ ನೆಂಟರಿಗೂ ಯಾವ ವ್ಯಾಪಾರಿಗೂ ಮುಟ್ಟಿಸಬಾರದು. ಉಂಗುರವಿಲ್ಲದವು ಎಷ್ಟಾದರೂ ಇರುತ್ತವೆ. ಕಡುಬಿಗೆ ಸಾರು ತಪ್ಪುವುದಿಲ್ಲ.